ದರಪಟ್ಟಿ ಬದಲಾದಾಗ: ಒಂದು ವೈದ್ಯ ಕುಟುಂಬದ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮೂಳೆ ಚಿಕಿತ್ಸೆಯ ಸಣ್ಣ ನರ್ಸಿಂಗ್ ಹೋಂ ನಡೆಸುವ ದಂಪತಿ 2025ರ ಕೊನೆಯಲ್ಲಿ ಆಪ್ತಸಲಹೆಗೆ ಬಂದರು. ಪತ್ನಿ ಶಸ್ತ್ರಚಿಕಿತ್ಸಕಿ, ಆಡಳಿತ ಮತ್ತು ಲೆಕ್ಕಪತ್ರ ಪತಿಯ ಪಾಲಿನದು. ಆಕೆಗೆ ನಿದ್ದೆಯಿಲ್ಲ, ಆತನಿಗೆ ಮಾತುಮಾತಿಗೂ ಸಿಡುಕು.

ಅವರ ರೋಗಿಗಳಲ್ಲಿ ಬಹುಪಾಲು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರು ಮತ್ತು ಪಿಂಚಣಿದಾರರ ಆರೋಗ್ಯ ಯೋಜನೆ) ಕಾರ್ಡಿನ ಪಿಂಚಣಿದಾರರು. ಆ ಯೋಜನೆಯ ಸುಮಾರು 2,000 ಚಿಕಿತ್ಸೆಗಳ ದರ 2025ರ ಅಕ್ಟೋಬರ್ 13ರಿಂದ ಬದಲಾಗಿತ್ತು. ಹೊಸ ಪಟ್ಟಿಯಲ್ಲಿ, ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆ ಇಲ್ಲದ ಆಸ್ಪತ್ರೆಗೆ ಮಾನ್ಯತೆ ಇರುವುದಕ್ಕಿಂತ ಶೇ. 15ರಷ್ಟು ಕಡಿಮೆ ಹಣ ಸಿಗುತ್ತದೆ. ಇವರಿಗೆ ಮಾನ್ಯತೆ ಇರಲಿಲ್ಲ.

"ಇವರು ಯೋಜನೆಯೇ ಬೇಡ ಅಂತಾರೆ ಮೇಡಂ. ಎರಡೂ ಮಂಡಿ ನನ್ನ ಕೈಲೇ ಮಾಡಿಸಿಕೊಂಡವರಿಗೆ ನಾನು ಏನಂತ ಹೇಳಿ ಕಳಿಸಲಿ?" ಎಂದರು ಪತ್ನಿ. ಪತಿ ಉತ್ತರಿಸದೆ, ಮರಳಿ ಬಂದಿದ್ದ ಒಂದು ಕ್ಲೇಮ್ ಫೈಲನ್ನು ಮೇಜಿನ ಮೇಲಿಟ್ಟರು. ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ಆ ಕಡತದಲ್ಲಿ ಇಂಪ್ಲಾಂಟಿನ (ಒಳಗೆ ಕೂರಿಸುವ ಕೃತಕ ಕೀಲಿನ) ಸ್ಟಿಕ್ಕರ್ ಅಂಟಿಸಿರಲಿಲ್ಲ, ಆದ್ದರಿಂದ ಹಣ ತಡೆಹಿಡಿಯಲಾಗಿತ್ತು. ಅಂಥ ಫೈಲುಗಳು ಇನ್ನೂ ಹಲವಿದ್ದವು. ಇಂಪ್ಲಾಂಟ್ ಪೂರೈಸುವವರಿಗೆ ತಿಂಗಳು ತಿಂಗಳೂ ವಾಯಿದೆ ಹೇಳುವ ಮುಜುಗರವನ್ನು ಅವರೊಬ್ಬರೇ ನುಂಗಿಕೊಂಡಿದ್ದರು. ಪತ್ನಿಗೆ ಅದು ಗೊತ್ತಾದದ್ದು ಅಂದೇ. ಜಗಳ ದರದ ಹೆಸರಿನಲ್ಲಿ ನಡೆಯುತ್ತಿದ್ದರೂ ಅದರ ಬೇರು ಈ ಮುಚ್ಚಿಟ್ಟ ಬಾಕಿಯಲ್ಲಿದೆ ಎಂದು ನನಗೆ ಅನ್ನಿಸಿತು.

ಲೆಕ್ಕ ಪರಿಶೋಧನೆ ನನ್ನ ಕೆಲಸವಲ್ಲ; ಆದರೆ ಲೆಕ್ಕವನ್ನೇ ನೋಡದೆ ಭಯವನ್ನು ಮಾತ್ರ ಮಾತಾಡಿಸುವುದರಿಂದ ಇಲ್ಲಿ ಪ್ರಯೋಜನವಿರಲಿಲ್ಲ. ಆದ್ದರಿಂದ, ತಾವು ಹೆಚ್ಚಾಗಿ ಮಾಡುವ ನಾಲ್ಕೈದು ಶಸ್ತ್ರಚಿಕಿತ್ಸೆಗಳನ್ನಷ್ಟೇ ಆರಿಸಿಕೊಂಡು, ಇಂಪ್ಲಾಂಟ್, ಅರಿವಳಿಕೆ ತಜ್ಞರ ಶುಲ್ಕ, ಥಿಯೇಟರ್ ಮತ್ತು ಹಾಸಿಗೆಯ ನಿಜವಾದ ಖರ್ಚನ್ನು ಹೊಸ ದರದ ಎದುರಿಗೆ ಇಬ್ಬರೂ ಒಟ್ಟಿಗೆ ಕೂತು ಬರೆಯಬೇಕೆಂದೂ, ದರದಿಂದಾಗುವ ನಷ್ಟವನ್ನೂ ಹಣ ತಡವಾಗುವುದರ ತೊಂದರೆಯನ್ನೂ ಬೇರೆಬೇರೆ ಪುಟದಲ್ಲಿ ಇಡಬೇಕೆಂದೂ ಸೂಚಿಸಿದೆ. ಇದಕ್ಕೆ ವಾರದಲ್ಲಿ ಒಂದು ಸಂಜೆ ಗೊತ್ತುಮಾಡಿಕೊಂಡು, ಊಟದ ಹೊತ್ತಿನಲ್ಲಿ ಆಸ್ಪತ್ರೆಯ ಹಣದ ಮಾತೆತ್ತಬಾರದು ಎಂದೂ ಹೇಳಿದೆ.

ರೋಗಿ ಮನೆಗೆ ಹೋಗುವ ಮುನ್ನವೇ ಕಾಗದಪತ್ರ ಪರಿಶೀಲಿಸುವ ಹೊಣೆಯನ್ನು ಹಿರಿಯ ನರ್ಸ್ ಒಬ್ಬರಿಗೆ ವಹಿಸಲು ಒಪ್ಪಿಕೊಂಡರು. ಕಡಿಮೆ ಬೀಳುವ ಹಣವನ್ನು ಕಾರ್ಡುದಾರರಿಂದ ಮೇಲಿನಿಂದ ಪಡೆಯಬಹುದೇ ಎಂದು ಪತಿ ಕೇಳಿದಾಗ, ಅದು ಯೋಜನೆಯೊಂದಿಗೆ ಆಸ್ಪತ್ರೆ ಮಾಡಿಕೊಂಡ ಒಪ್ಪಂದಕ್ಕೆ ವಿರುದ್ಧವೆಂದೂ, ಸಿಕ್ಕಿಬೀಳುವ ಅಂಜಿಕೆ ಈಗಿನ ನಿದ್ದೆಗೇಡಿಗೆ ಇನ್ನಷ್ಟನ್ನು ಸೇರಿಸುವುದೆಂದೂ ನೇರವಾಗಿಯೇ ತಿಳಿಸಿದೆ. 50ರವರೆಗೆ ಹಾಸಿಗೆಗಳಿರುವ ಸಣ್ಣ ಆಸ್ಪತ್ರೆಗಳಿಗೆ ಎನ್‌ಎಬಿಎಚ್ ಪ್ರತ್ಯೇಕ ಮಾನದಂಡಗಳನ್ನಿಟ್ಟಿರುವುದರಿಂದ, ಯೋಜನೆ ತೊರೆಯುವ ಮಾತಿಗೆ ಮೊದಲು ಆ ದಾರಿಯನ್ನು ವಿಚಾರಿಸುವುದು ಒಳ್ಳೆಯದು ಎಂಬುದೂ ನನ್ನ ಸಲಹೆಯಾಗಿತ್ತು. ಪತ್ನಿಯನ್ನು ನಿದ್ದೆಯ ತೊಂದರೆಗಾಗಿ ಮನೋವೈದ್ಯರ ಬಳಿ ಕಳಿಸಿದೆ. ವೈದ್ಯರು ತಮಗೆ ತಾವೇ ಮಾತ್ರೆ ಬರೆದುಕೊಳ್ಳುವ ಅಭ್ಯಾಸ ಈ ವೃತ್ತಿಯಲ್ಲಿ ತೀರ ಅಪರೂಪವೇನಲ್ಲ.

ಮುಂದಿನ ಭೇಟಿಗೆ ಬರೆದ ಹಾಳೆಗಳೊಂದಿಗೇ ಬಂದರು. ಮಂಡಿ ಬದಲಿಯಲ್ಲಿ ಅವರು ಅಂದುಕೊಂಡಷ್ಟು ನಷ್ಟವಿರಲಿಲ್ಲ; ಹೆಚ್ಚಿನ ಹಣ ಮರಳಿದ ಫೈಲುಗಳಲ್ಲೇ ಸಿಕ್ಕಿಕೊಂಡಿತ್ತು. ಪಿಂಚಣಿದಾರರನ್ನು ಬಿಡುವುದಿಲ್ಲವೆಂದು ಇಬ್ಬರೂ ತೀರ್ಮಾನಿಸಿದ್ದಾರೆ. ಮಾನ್ಯತೆಗೆ ಬೇಕಾದ ಕಟ್ಟಡ ಮಾರ್ಪಾಡಿಗೆ ಸಾಲ ಮಾಡಲು ಪತಿ ಇನ್ನೂ ಒಪ್ಪಿಲ್ಲ.