ಅಲೆಯ ಲೇಖನ: ಮೂರನೇ ಪುಟದಿಂದ ಶುರುಮಾಡಿ

ನಮಸ್ಕಾರ.

ನಾಪೋಕ್ಲಿನಿಂದ ನೀವು ಕಳಿಸಿದ ‘ಅಲೆಗಳ ಲೋಕ’ ತಲುಪಿದೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗುವುದಿಲ್ಲ. ಹಾಗಂತ ಬುಟ್ಟಿಗೂ ಎಸೆದಿಲ್ಲ.

ಮೊದಲ ಎರಡು ಪುಟ ಬರೀ ವ್ಯಾಖ್ಯೆ. ತರಂಗದೂರ ಎಂದರೆ ಇದು, ಆವೃತ್ತಿ ಎಂದರೆ ಇದು, ಪಾರ ಎಂದರೆ ಇದು. ಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತವರೇ ನಮ್ಮ ಓದುಗರು, ನಾನೂ ಅವರಲ್ಲೊಬ್ಬ. ಮೂರನೇ ಪುಟದಲ್ಲಿ ನಿಮ್ಮ ತೋಟದ ಕೆರೆ ಬರುತ್ತದೆ. ಅಲ್ಲಿ ನಾನು ಎದ್ದು ಕೂತೆ. ಗಾಳಿಗೆ ಅಲೆ ಎದ್ದಿದೆ, ಸಿಲ್ವರ್ ಓಕಿನ ಎಲೆಯೊಂದು ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಸಲ ಏರಿ ಇಳಿದಿದೆ. ಅಲೆಯ ನೆತ್ತಿಯಿಂದ ನೆತ್ತಿಗೆ, ಅಂದರೆ ತರಂಗದೂರ, ಸುಮಾರು 40 ಸೆಂಟಿಮೀಟರ್ ಎಂದು ಕೋಲು ಹಿಡಿದು ಅಳೆದಿದ್ದೀರಿ. ಇಷ್ಟೆಲ್ಲ ಮಾಡಿದವರು ಗುಣಿಸುವುದನ್ನೇಕೆ ಬಿಟ್ಟಿರಿ? ಸೆಕೆಂಡಿಗೆ ಎರಡು ಸಲ, ಅಂದರೆ ಆವೃತ್ತಿ 2 ಹರ್ಟ್ಸ್. ಅದನ್ನು 40ರಿಂದ ಗುಣಿಸಿದರೆ ಅಲೆ ಸೆಕೆಂಡಿಗೆ 80 ಸೆಂಟಿಮೀಟರ್ ಸಾಗುತ್ತಿದೆ. ನಾಲ್ಕನೇ ಪುಟದಲ್ಲಿ ಒಣಗಿ ನಿಂತಿರುವ ಸೂತ್ರ (ವೇಗ = ಆವೃತ್ತಿ × ತರಂಗದೂರ) ಈ ಕೆರೆಯ ದಡದಲ್ಲೇ ಹುಟ್ಟಬೇಕಿತ್ತು.

‘ಅಲೆ ಎಲೆಯನ್ನು ಹೊತ್ತು ದಡಕ್ಕೆ ತಂದಿತು’ ಎಂದಿದ್ದೀರಿ. ಚೆಂದದ ವಾಕ್ಯ, ಆದರೆ ನಿಮ್ಮ ಲೆಕ್ಕವೇ ಅದನ್ನು ಒಪ್ಪುವುದಿಲ್ಲ. ಅಲೆ ಹೊತ್ತಿದ್ದರೆ ಎಲೆ ನೆತ್ತಿಯ ಮೇಲೇ ಕೂತು ಹತ್ತು ಸೆಕೆಂಡಿನಲ್ಲಿ 8 ಮೀಟರ್ ದಾಟಬೇಕಿತ್ತು, ಏರಿಳಿಯುತ್ತಲೇ ಇರಲಿಲ್ಲ. ಅದನ್ನು ದಡಕ್ಕೆ ತಳ್ಳಿದ್ದು ಗಾಳಿ. ಅಲೆಯೊಂದಿಗೆ ಮುಂದೆ ಹೋಗುವುದು ಶಕ್ತಿ. ನೀರು ಹೆಚ್ಚುಕಡಿಮೆ ಇದ್ದಲ್ಲೇ ತೂಗುತ್ತದೆ. ಇನ್ನು ಪಾರ, ಅಂದರೆ ಅಲೆ ಎಷ್ಟು ಏರುತ್ತದೆ ಎಂಬ ಅಳತೆ: ನೆತ್ತಿಯಿಂದ ತಗ್ಗಿನವರೆಗೆ ಅಳೆದು 2 ಸೆಂಟಿಮೀಟರ್ ಎಂದಿದ್ದೀರಿ. ನೀರು ಸಮವಾಗಿದ್ದಾಗಿನ ಮಟ್ಟದಿಂದ ಅಳೆಯಬೇಕು. ಹಾಗಾಗಿ ಪಾರ ಒಂದು ಸೆಂಟಿಮೀಟರ್ ಮಾತ್ರ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಮುಹೂರ್ತದ ದಿನ ಗದ್ದೆಯಾಚೆ ತೆಂಗಿನಕಾಯಿಗೆ ಗುಂಡು ಹೊಡೆದಾಗ ಹೊಗೆ ಮೊದಲು ಕಂಡು ಮೂರು ಸೆಕೆಂಡಿಗೆ ಸದ್ದು ಬಂದ ಭಾಗ ಖಂಡಿತ ಇರಲಿ. ಆದರೆ ‘ದೊಡ್ಡ ಸದ್ದಾದ್ದರಿಂದ ಬೇಗ ಬಂತು’ ಎಂಬುದನ್ನು ಹೊಡೆದುಹಾಕಿ. ಸದ್ದು ದೊಡ್ಡದಾದರೆ ಹೆಚ್ಚುವುದು ಪಾರ, ವೇಗವಲ್ಲ. ಗಾಳಿ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೋವಿಯ ಸದ್ದಿಗೂ ಕೋಳಿಯ ಕೂಗಿಗೂ ಸೆಕೆಂಡಿಗೆ ಸುಮಾರು 343 ಮೀಟರೇ. ಹಾಗಾದರೆ ಗುಂಡು ಹೊಡೆದವರು ನಿಮ್ಮಿಂದ ಒಂದು ಕಿಲೋಮೀಟರಿಗೆ ಚೂರು ಆಚೆ ಇದ್ದರು.

ಮಡಿಕೇರಿ ಆಕಾಶವಾಣಿಯ ಎಫ್‌ಎಂ ‘103.1 ಹರ್ಟ್ಸ್’ ಎಂದು ಬರೆದದ್ದನ್ನು ನೋಡಿ ನಕ್ಕುಬಿಟ್ಟೆ, ಕ್ಷಮಿಸಿ. ಅದು ಮೆಗಾಹರ್ಟ್ಸ್, ಸೆಕೆಂಡಿಗೆ ಹತ್ತು ಕೋಟಿಗೂ ಮೀರಿದ ಕಂಪನ. ಬೆಳಕಿನ ವೇಗದಲ್ಲಿ ಸಾಗುವ ಆ ಅಲೆಯ ಉದ್ದ 2.9 ಮೀಟರ್, ಒಂದು ಕೋಣೆಯಲ್ಲಿ ಹಿಡಿಸುವಷ್ಟು. ನೀವು ಬರೆದಂತೆ ಬರೀ ಹರ್ಟ್ಸ್ ಆಗಿದ್ದರೆ ಒಂದೇ ಒಂದು ಅಲೆ ಮಡಿಕೇರಿಯಿಂದ ಹೊರಟು ಕಾಶ್ಮೀರವನ್ನೂ ದಾಟಿ ಹೋಗುತ್ತಿತ್ತು! ಈ ಹೋಲಿಕೆ ಬೇಕಿದ್ದರೆ ಬಳಸಿಕೊಳ್ಳಿ.

ಆವೃತ್ತಿ, ಕಂಪನಾಂಕ, ಆವರ್ತನ ಎಂದು ಒಂದೇ ಸಂಗತಿಗೆ ಮೂರು ಹೆಸರು ಕೊಟ್ಟಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.

ಕೆರೆಯಿಂದ ಶುರುಮಾಡಿ, ಮೂರು ಪುಟಕ್ಕೆ ಇಳಿಸಿ ಕಳಿಸಿ. ಅಂದ ಹಾಗೆ, ಎಲೆಯ ಏರಿಳಿತ ಎಣಿಸುವಾಗ ಗಡಿಯಾರ ಯಾರ ಕೈಯಲ್ಲಿತ್ತು? ಅದನ್ನೂ ಬರೆಯಿರಿ.

ಸಂಪಾದಕ