ಮೆಲ್ಬರ್ನ್‌ಗೆ ಬಂದ ನಾವು ಟ್ರೀಟಿ (ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಳ್ಳುವ ಒಪ್ಪಂದ) ವಿಷಯದಲ್ಲಿ ಸುಮ್ನೆ ಇರೋದೇ ಒಳ್ಳೆಯದಲ್ವಾ?

"ಈಗಷ್ಟೇ ಮನೆ ಕೊಂಡಿದ್ದೀವಿ. ಬಿಳಿಯರಿಗೂ ಮೂಲನಿವಾಸಿಗಳಿಗೂ ಇರುವ ಹಳೇ ಜಗಳ ನಮಗ್ಯಾಕೆ" ಅಂದಿದ್ದೀರಿ. 2023ರಲ್ಲಿ ನಾನೂ ಇದೇ ಮಾತಾಡಿದ್ದೆ.

ಅಕ್ಟೋಬರ್ 14ಕ್ಕೆ ವಾಯ್ಸ್ ಜನಮತಗಣನೆ. ಮೂಲನಿವಾಸಿಗಳ ಸಲಹಾ ಮಂಡಳಿಯನ್ನು ಸಂವಿಧಾನಕ್ಕೆ ಸೇರಿಸಬೇಕೇ ಅನ್ನುವ ಪ್ರಶ್ನೆ. ಎರಡೂ ಕಡೆಯ ವಾದವಿದ್ದ ಪುಸ್ತಿಕೆ ಮನೆಗೇ ಬಂದಿತ್ತು. ತೆರೆದೂ ನೋಡಲಿಲ್ಲ. "ಗೊತ್ತಿಲ್ಲದಿದ್ದರೆ ನೋ ಹಾಕಿ" ಅನ್ನುವ ಘೋಷಣೆ ಎಲ್ಲೆಲ್ಲೂ ಇತ್ತು. ಶಾಲೆಯ ಹಾಲ್‌ನಲ್ಲಿ ಸಾಲು ನಿಂತು, ಪೆನ್ಸಿಲ್ಲಿನಲ್ಲಿ "ನೋ" ಅಂತ ಬರೆದು ಬಂದೆ. ಮತ ಹಾಕಿದ ನೂರರಲ್ಲಿ ಸುಮಾರು 60 ಜನ ಹಾಗೇ ಬರೆದಿದ್ದರು.

ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಮೂಲನಿವಾಸಿ ಹೆಂಗಸು. ನಾವು ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವರು. ಸೋಮವಾರ ಅವರೆದುರೇ "ಎಲ್ಲರೂ ಸಮಾನರಲ್ವಾ, ಒಬ್ಬರಿಗೆ ಜಾಸ್ತಿ ಯಾಕೆ" ಅಂದುಬಿಟ್ಟೆ. ಅವರು ಅರ್ಧ ತಿಂದ ಡಬ್ಬಿಯ ಮುಚ್ಚಳ ಹಾಕಿದರು. ಮತ್ತೆ ನಮ್ಮ ಟೇಬಲ್ಲಿಗೆ ಬರಲಿಲ್ಲ.

ನೋ ಹಾಕಿದ್ದೇ ತಪ್ಪು ಅನ್ನಲಾರೆ. "ವಾಯ್ಸ್ ಸಾಲದು, ಮೊದಲು ಟ್ರೀಟಿ ಆಗಲಿ" ಅಂತ ನೋ ಅಂದ ಮೂಲನಿವಾಸಿಗಳೂ ಇದ್ದರು. ನನ್ನ ತಪ್ಪು ಬೇರೆ. ಊರಿನ ಮೀಸಲಾತಿ ಜಗಳವನ್ನು ಹೊತ್ತು ತಂದು ಇಲ್ಲಿಗೆ ಅಂಟಿಸಿದೆ. ಯಾರಿಗೋ ಸೌಲಭ್ಯ ಕೊಡುವ ಮಾತು ಅಂದುಕೊಂಡೆ. ಇದು ನೆಲದ ಮಾತು. ಬೆಂಗಳೂರಿನಲ್ಲಿ ಸೈಟ್ ಕೊಳ್ಳುವಾಗ ನಮ್ಮಪ್ಪ ಮೂಲಪತ್ರ ನೋಡದೆ ಅಡ್ವಾನ್ಸ್ ಕೊಡಲಿಲ್ಲ. ವಕೀಲರ ಮುಂದೆ ಕೂತು, ಯಾರಿಂದ ಯಾರಿಗೆ ಬಂತು ಅಂತ ಒಂದೊಂದೇ ಹಾಳೆ ತಿರುವಿಸಿದರು. ಅವರ ಮಗ ನಾನು, ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಮನೆ ಕೊಂಡಾಗ ಆ ಪ್ರಶ್ನೆ ಕೇಳಲೇ ಇಲ್ಲ. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಕಂಬಳಿ, ಕೊಡಲಿ, ಹಿಟ್ಟು ಕೊಟ್ಟು ಇಲ್ಲಿನ ಮೂಲನಿವಾಸಿಗಳಾದ ವುರುಂಡ್ಜೆರಿ ಹಿರಿಯರ ಜೊತೆ ನೆಲಕ್ಕಾಗಿ ಒಪ್ಪಂದ ಅಂತ ಒಂದು ಮಾಡಿಕೊಂಡಿದ್ದ. ಮೋಸದ್ದೇ ಇರಬಹುದು, ಆದರೂ ಒಂದು ಕಾಗದ. ಗವರ್ನರ್ ಬರ್ಕ್ ಅದೇ ವರ್ಷ ಅದನ್ನೂ ರದ್ದು ಮಾಡಿದ, ನೆಲವೆಲ್ಲ ಬ್ರಿಟಿಷ್ ದೊರೆಯದು ಅಂತ. ಇಡೀ ಊರಿಗೇ ಮೂಲಪತ್ರವಿಲ್ಲ.

ಅದಕ್ಕೇ "ಸುಮ್ನೆ ಇರೋಣವೇ" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮನೆಯ ಕಾಗದಕ್ಕೆ ಸಹಿ ಹಾಕಿದ ದಿನವೇ ನೀವು ಇದರೊಳಗೆ ಬಂದಿರಿ. ನಮ್ಮ ವಿಕ್ಟೋರಿಯಾ ರಾಜ್ಯದ ಟ್ರೀಟಿ 2025ರಲ್ಲಿ ಕಾನೂನಾಯಿತು. ಅದರಿಂದ ನಿಮ್ಮ ಮನೆ ಯಾರೂ ಕಿತ್ತುಕೊಳ್ಳಲ್ಲ. ವಾಟ್ಸಾಪ್‌ನಲ್ಲಿ ಹಾಗೆ ಹೆದರಿಸುವವರನ್ನು ನಂಬಬೇಡಿ. ವಿರೋಧ ಪಕ್ಷ ಅದನ್ನು ರದ್ದು ಮಾಡ್ತೀವಿ ಅಂದಿದೆ, ವೋಟು ಕೇಳಿಕೊಂಡು ನಿಮ್ಮ ಬಾಗಿಲಿಗೂ ಬರ್ತಾರೆ. ಅಷ್ಟರೊಳಗೆ ಓದಿಕೊಳ್ಳಿ. ಅಕ್ಕಪಕ್ಕದಲ್ಲಿ ಮೂಲನಿವಾಸಿಗಳಿದ್ದರೆ ಮಾತಾಡಿಸಿ, ಅವರು ಹೇಳೋದು ಕೇಳಿ.

ನಾನು ಇಷ್ಟೆಲ್ಲ ಓದಿಕೊಂಡು ಕ್ಷಮೆ ಕೇಳಲು ಹೋಗುವಷ್ಟರಲ್ಲಿ ಆ ಹಿರಿಯ ಸಹೋದ್ಯೋಗಿ ನಿವೃತ್ತರಾಗಿ ಊರು ಬಿಟ್ಟಿದ್ದರು.