ಬಲ್ಗೇರಿಯಾದ ಸ್ಟಿಲಿಯಾನ್ ಪೆಟ್ರೋವ್ ಅವರ ಫುಟ್‌ಬಾಲ್ ಬದುಕು ಹೇಗಿತ್ತು?

ಮಿಡ್‌ಫೀಲ್ಡರ್ (ಮೈದಾನದ ನಡುಭಾಗದ ಆಟಗಾರ) ಪೆಟ್ರೋವ್ ತಮ್ಮ ದೇಶದ ಸಿಎಸ್‌ಕೆಎ ಸೋಫಿಯಾ ಕ್ಲಬ್ ಬಿಟ್ಟು 1999ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ಅಲ್ಲಿ ಹಲವು ಲೀಗ್ ಪ್ರಶಸ್ತಿ ಗೆದ್ದು, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನ 2003ರ ಫೈನಲ್ ಆಡಿದರು. 2006ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾಗೆ ಬಂದು ಮುಂದೆ ನಾಯಕರಾದರು. 2008ರಲ್ಲಿ ಡರ್ಬಿ ಕೌಂಟಿ ವಿರುದ್ಧ ಮೈದಾನದ ನಡುಗೆರೆಯ ಸಮೀಪದಿಂದ ಒದ್ದು ಹೊಡೆದ ಗೋಲನ್ನು ಒಮ್ಮೆಯಾದರೂ ನೋಡಲೇಬೇಕು!

ಬಲ್ಗೇರಿಯಾ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿದ ಈ ಗಟ್ಟಿಗನಿಗೆ 2012ರ ಮಾರ್ಚ್‌ನಲ್ಲಿ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರ ಅಂಗಿಯ ಸಂಖ್ಯೆ 19. ಹಾಗಾಗಿ ವಿಲ್ಲಾ ಪಂದ್ಯಗಳ 19ನೇ ನಿಮಿಷದಲ್ಲಿ ಅಭಿಮಾನಿಗಳು ಎದ್ದುನಿಂತು ಒಂದು ನಿಮಿಷ ಚಪ್ಪಾಳೆ ತಟ್ಟುತ್ತಿದ್ದರು. ಎದುರಾಳಿ ತಂಡದವರೂ ಕೈ ಜೋಡಿಸುತ್ತಿದ್ದುದು ಮನಸ್ಸು ತುಂಬುವ ಸಂಗತಿ. 2013ರಲ್ಲಿ ನಿವೃತ್ತರಾದರು. ಗುಣವಾದ ಮೇಲೆ, 2016ರಲ್ಲಿ ವಿಲ್ಲಾ ಜೊತೆ ಮತ್ತೆ ತರಬೇತಿಗೆ ಇಳಿದರಾದರೂ ಒಪ್ಪಂದ ಸಿಗಲಿಲ್ಲ.